ಉಳಿದದ್ದೆಲ್ಲ ಹಸಿರು

ಮಾನ್ಯ ನಕ್ಷಾಧಿಕಾರಿಗಳೇ,

ನನ್ನ ಅಕ್ಕ ಮತ್ತು ಭಾವ ಆರು ವರ್ಷಗಳಿಂದ ಒಂದು ಪಾರ್ಕಿನಲ್ಲಿ ಸಂಸಾರ ಮಾಡುತ್ತಿದ್ದಾರೆ. ಪಾಪ, ಅವರಿಗೆ ಇದು ಗೊತ್ತಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹತ್ತಿ ಹೋಗಲು ಹದಿನೇಳು ಕಡಿದಾದ ಮೆಟ್ಟಿಲು ಇರುವುದರಿಂದ ಅದನ್ನು ಮನೆ ಎಂದೇ ನಂಬಿಕೊಂಡಿದ್ದರು. ಹೋದ ವರ್ಷ ತಮ್ಮ ಕಚೇರಿ ಬಿಡುಗಡೆ ಮಾಡಿದ ಹೊಸ ನಗರ ನಕ್ಷೆಯನ್ನು ಎರಡು ತಿಂಗಳ ಹಿಂದೆ ತೆರೆದು ನೋಡಿದಾಗಲೇ ನಮಗೆಲ್ಲ ಸತ್ಯ ತಿಳಿದದ್ದು. ಅವರ ಓಣಿಯ ಹನ್ನೆರಡು ಜಾಗಗಳೂ ಅಚ್ಚ ಹಸಿರು. ಬೆರಳಿನಿಂದ ಹಿಗ್ಗಿಸಿ ಹತ್ತಿರ ಹೋದರೆ ಪುಟ್ಟ ಪುಟ್ಟ ಮರಗಳ ಚಿತ್ರಗಳೂ ಮೂಡುತ್ತವೆ. ಅಕ್ಕನ ಅಡುಗೆಮನೆಯಲ್ಲಿ ಎರಡು ಮರ, ಮೆಟ್ಟಿಲ ಬಳಿ ಒಂದು, ಭಾವ ಮಲಗುವ ಮಂಚದ ಸರಿಯಾಗಿ ನಡುಮಧ್ಯೆ ಒಂದು.

ಮೊದಲ ಎರಡು ದಿನ ನಾವೂ ನಕ್ಕೆವು. "ನಮ್ಮ ಮನೆಗೆ ಬರೋರು ಗೇಟ್ ಮುಚ್ಚೋದ್ರೊಳಗೆ ಹೊರಟುಬಿಡಿ" ಎಂದು ಭಾವ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆ ನಗು ಆಮೇಲೆ ಯಾಕೆ ನಿಂತಿತು ಎಂಬುದನ್ನು ತಮಗೆ ವಿವರವಾಗಿ ತಿಳಿಸಬೇಕಾಗಿದೆ. ತಮ್ಮ ಕಚೇರಿಯ ಕಿಟಕಿಯಲ್ಲಿ ಈ ದೂರನ್ನು ತೆಗೆದುಕೊಳ್ಳಲು ಆಗುವುದಿಲ್ಲವಂತೆ. ದೂರು ಕೊಡುವವರು ಮೊದಲು ನಕ್ಷೆಯಲ್ಲಿ ತಮ್ಮ ಮನೆಯನ್ನು ಒತ್ತಿ ತೋರಿಸಬೇಕು, ನಮಗೆ ಮನೆಯೇ ಇಲ್ಲ ಎಂಬುದು ನಮ್ಮ ದೂರು. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಬೆಳಗಿನ ಕಾಫಿಯ ಜೊತೆಗೆ ತಾವು ಪತ್ರಿಕೆ ಓದುತ್ತೀರಿ ಎಂದು ತಮ್ಮ ಕಚೇರಿಯ ಜವಾನರೊಬ್ಬರು ಹೇಳಿದರು. ಕಾಫಿ ಆರುವುದರೊಳಗೆ ಮುಗಿಸಲು ಪ್ರಯತ್ನಿಸುತ್ತೇನೆ, ಆದರೆ ಭರವಸೆ ಕೊಡಲಾರೆ.

ಭಾವ ಗಡಿಯಾರ ರಿಪೇರಿಯವರು. ಏಳು ವಾರಗಳ ಹಿಂದೆ ಸ್ಟೂಲು ಹತ್ತಿ ಗೋಡೆಯ ಮೇಲಿದ್ದ ಹಳೆಯ ಗಡಿಯಾರವನ್ನು ಇಳಿಸಲು ಹೋಗಿ, ಗಡಿಯಾರವನ್ನು ಎದೆಗವಚಿ ಉಳಿಸಿಕೊಂಡು ತಾವು ಬಿದ್ದರು. ಗಡಿಯಾರ ಈಗಲೂ ಸರಿಯಾಗಿ ಓಡುತ್ತಿದೆ. ಭಾವನ ಎಡ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು: "ನೋಡಿ ಅಮ್ಮ, ಬಿದ್ದ ದಿನದಿಂದ ಹನ್ನೆರಡು ವಾರ ತುಂಬ ಮುಖ್ಯ. ತಿಳಿದವರು ದಿನ ಬಿಟ್ಟು ದಿನ ಬಂದು ವ್ಯಾಯಾಮ ಮಾಡಿಸಬೇಕು. ಇಲ್ಲದಿದ್ರೆ ಕಾಲು ಹಾಗೇ ಬಿಗಿದು ಕೂತುಬಿಡುತ್ತೆ. ಆಮೇಲೆ ನಾವು ಏನು ಮಾಡಿದ್ರೂ ಅಷ್ಟೇ." ಹದಿನೇಳು ಮೆಟ್ಟಿಲು ಇಳಿಸಿ, ಗಾಡಿಯಲ್ಲಿ ಕೂರಿಸಿ, ಊರಾಚೆಯ ಆಸ್ಪತ್ರೆಗೆ ದಿನ ಬಿಟ್ಟು ದಿನ ಕರೆದೊಯ್ಯುವುದು ಆಗದ ಮಾತು. ಅಂಥವರಿಗಾಗಿಯೇ ನಗರಾಡಳಿತದ ಗೃಹಭೇಟಿ ಸೇವೆ ಇದೆ. ಬಿಳಿ ವ್ಯಾನಿನಲ್ಲಿ ಫಿಸಿಯೋಥೆರಪಿಸ್ಟ್ ಮನೆಬಾಗಿಲಿಗೇ ಬರುತ್ತಾರೆ. ಒಳ್ಳೆಯ ಸೇವೆ, ನಾನು ಅದನ್ನು ಆಡಿಕೊಳ್ಳುವುದಿಲ್ಲ.

ಆದರೆ ಆ ಸೇವೆಯನ್ನೂ ತಮ್ಮ ನಕ್ಷೆಗೆ ಕಟ್ಟಿಹಾಕಿದ್ದಾರೆ. ಅಕ್ಕ ಅರ್ಜಿ ತುಂಬಿದಳು. ನಕ್ಷೆಯಲ್ಲಿ ಮನೆಯ ಜಾಗವನ್ನು ಒತ್ತಿದಳು. ಉತ್ತರ ಆ ಕ್ಷಣದಲ್ಲೇ ಬಂತು, ಅಷ್ಟು ಚುರುಕಾದ ಉತ್ತರ ಸರ್ಕಾರದ ಯಾವ ಕಚೇರಿಯಿಂದಲೂ ಅವಳಿಗೆ ಈವರೆಗೆ ಬಂದಿರಲಿಲ್ಲ: "ತಾವು ಆಯ್ಕೆ ಮಾಡಿದ ಸ್ಥಳವು ಉದ್ಯಾನವಾಗಿದೆ. ಉದ್ಯಾನಗಳಿಗೆ ಗೃಹಭೇಟಿ ಸೇವೆ ಲಭ್ಯವಿಲ್ಲ. ತಮ್ಮ ದಿನ ಶುಭವಾಗಿರಲಿ." ಫೋನು ಮಾಡಿದಳು. ಆ ಕಡೆಯ ಹೆಣ್ಣುಮಗಳು ಬಲು ಸೌಜನ್ಯದಿಂದ, "ನಂಗೆ ಅರ್ಥ ಆಗುತ್ತೆ ಅಮ್ಮ, ಆದ್ರೆ ಹಸಿರು ಇದ್ರೆ ನಮ್ಮ ಸ್ಕ್ರೀನ್ ಮುಂದಕ್ಕೇ ಹೋಗಲ್ಲ" ಎಂದಳು. ಖಾಸಗಿಯವರೊಬ್ಬರು ಎರಡು ಸಲ ಬಂದರು. ಊರಿನ ಆ ತುದಿಯಿಂದ ಬರಬೇಕಾದ ಅವರು ಮೂರನೆಯ ಸಲ ಫೋನೇ ಎತ್ತಲಿಲ್ಲ. ಹೀಗೆ ಒಂದೊಂದೇ ವಾರ ಜಾರಿಹೋಯಿತು.

ಈ ನಡುವೆ ಅಕ್ಕ ಮಾಡಿದ ಒಂದು ಕೆಲಸವನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಹಸಿರು ಜಾಗವನ್ನು ಒತ್ತಿದರೆ ತಮ್ಮ ನಕ್ಷೆ ನಾಲ್ಕೇ ನಾಲ್ಕು ದೂರುಗಳಿಗೆ ಅವಕಾಶ ಕೊಡುತ್ತದೆ: ಬಿದ್ದ ಮರ, ಸೋರುವ ನಲ್ಲಿ, ಬೀದಿ ನಾಯಿ, ಮುರಿದ ಬೆಂಚು. ಅಕ್ಕ ಬಹಳ ಹೊತ್ತು ಯೋಚಿಸಿ "ಮುರಿದ ಬೆಂಚು" ಎಂಬುದನ್ನು ಒತ್ತಿದಳು. ವಿವರ ಬರೆಯುವ ಜಾಗದಲ್ಲಿ, "ಎಪ್ಪತ್ತು ವರ್ಷದ ಹಳೆಯ ಬೆಂಚು, ಎಡಗಾಲು ಮುರಿದಿದೆ, ತುರ್ತು" ಎಂದು ಬರೆದಳು. ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ, ಹೆಗಲ ಮೇಲೆ ಎರಡು ಹಲಗೆ, ಕೈಯಲ್ಲಿ ಸುತ್ತಿಗೆ ಮೊಳೆಗಳ ಡಬ್ಬಿ ಹಿಡಿದು ಪಾರ್ಕ್ ವಿಭಾಗದ ಬಡಗಿ ಬಾಗಿಲಲ್ಲಿ ನಿಂತಿದ್ದ.

"ಇಲ್ಲೆಲ್ಲೋ ಪಾರ್ಕ್ ಇರಬೇಕಲ್ಲಮ್ಮ?"

"ಇದೇನಪ್ಪ. ಒಳಗೆ ಬಾ."

"ಬೆಂಚ್ ಎಲ್ಲಿ?"

ಅಕ್ಕ ಮಂಚದ ಕಡೆ ಕೈ ತೋರಿಸಿದಳು. ಭಾವ ಹೊದಿಕೆ ಸರಿಸಿ, "ಇದೇ ಬೆಂಚು. ಪಾಲಿಶ್ ಬೇಡ, ಕಾಲು ಒಂದು ಸರಿ ಮಾಡು" ಎಂದರು.

ಬಡಗಿ ಹಲಗೆ ಕೆಳಗಿಟ್ಟ. ಬೇರೆ ಯಾರಾದರೂ ಆಗಿದ್ದರೆ ಬೈದು ಹೊರಟುಹೋಗುತ್ತಿದ್ದರು. ಅವನು ಹಾಗೆ ಮಾಡಲಿಲ್ಲ. "ನಮ್ಮಪ್ಪಂಗೂ ಹೀಗೇ ಆಗಿತ್ತು ಯಜಮಾನ್ರೇ" ಎಂದ. ಟೇಪು ತೆಗೆದು ಮಂಚದಿಂದ ಬಚ್ಚಲುಮನೆಯವರೆಗೆ ಗೋಡೆಯನ್ನು ಅಳೆದ. ಬೆಂಚಿಗೆಂದು ತಂದ ಹಲಗೆಗಳನ್ನು ಉದ್ದಕ್ಕೆ ಸೀಳಿ, ಉಜ್ಜಿ ನುಣುಪು ಮಾಡಿ, ಸೊಂಟದ ಎತ್ತರಕ್ಕೆ ಹಿಡಿಕಂಬಿಯಂತೆ ಗೋಡೆಗೆ ಹೊಡೆದುಕೊಟ್ಟ. ಹೋಗುವಾಗ ತನ್ನ ಪುಸ್ತಕದಲ್ಲಿ "ಬೆಂಚು ದುರಸ್ತಿ, ಭಾಗಶಃ" ಎಂದು ಬರೆದು ಅಕ್ಕನ ಸಹಿ ಹಾಕಿಸಿಕೊಂಡ. ಆ ಹಲಗೆ ಹಿಡಿದೇ ಭಾವ ಈಗ ದಿನಕ್ಕೆರಡು ಸಲ ಎದ್ದು ನಿಲ್ಲುತ್ತಾರೆ. ನಿಲ್ಲುತ್ತಾರೆ ಅಷ್ಟೇ, ಮುಂದಿನ ಹೆಜ್ಜೆಗೆ ಕಾಲು ಹೇಗೆ ಎತ್ತಬೇಕು, ಎಷ್ಟು ಭಾರ ಬಿಡಬೇಕು ಎಂದು ಹೇಳಿಕೊಡುವವರಿಲ್ಲ. ಕಾಲನ್ನು ತಪ್ಪಾಗಿ ಎತ್ತಿ, ಕೂಡಿಸಿದ ಮೂಳೆ ಮತ್ತೆ ಜರುಗಿದರೆ ಎಂಬ ಭಯಕ್ಕೆ ಅಕ್ಕ ಅವರನ್ನು ನಡೆಯಲು ಬಿಡುವುದಿಲ್ಲ. ಪಾರ್ಕ್ ವಿಭಾಗದ ಈ ಬಡಗಿಗೆ ತೊಂದರೆ ಕೊಡಬೇಡಿ, ಮಾನ್ಯರೇ. ತಮ್ಮ ನಕ್ಷೆಯನ್ನು ನಂಬಿ ನಮ್ಮ ಓಣಿಗೆ ಬಂದು, ಕಣ್ಣಾರೆ ನೋಡಿ, ನೋಡಿದ್ದಕ್ಕೆ ತಕ್ಕ ಕೆಲಸ ಮಾಡಿದ ಸರ್ಕಾರಿ ನೌಕರ ಅವನೊಬ್ಬನೇ.

ಇಷ್ಟು ಹೊತ್ತಿಗೆ ತಾವು ಹುಬ್ಬು ಗಂಟಿಕ್ಕಿ, ಯಾರೀಕೆ, ನಕ್ಷೆಯ ವಿಷಯ ಇವಳಿಗೇನು ಗೊತ್ತು ಎಂದು ಕೇಳುತ್ತಿರಬಹುದು. ಹೇಳುತ್ತೇನೆ. ತಾವು ಕೂತಿರುವ ಕಟ್ಟಡದಲ್ಲೇ, ಎರಡನೆಯ ಮಹಡಿಯ ಕೊನೆಯ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕದ ಇಳಿಜಾರು ಮೇಜಿನ ಮುಂದೆ ನಾನು ಮೂವತ್ತೈದು ವರ್ಷ ನಕ್ಷೆಗಳಿಗೆ ಬಣ್ಣ ತುಂಬಿದ್ದೇನೆ. ಕಚೇರಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಬ್ರಷ್ಷಮ್ಮ ಎಂದೇ ರೂಢಿ. ಒಂದು ಹಾಳೆಗೆ ನಾಲ್ಕು ದಿನ ಹಿಡಿಯುತ್ತಿತ್ತು. ವಾಸದ ಮನೆಗೆ ತಿಳಿ ಹಳದಿ, ಅಂಗಡಿಗೆ ಕೆಂಪು, ಶಾಲೆಗೆ ನೀಲಿ, ಕಾರ್ಖಾನೆಗೆ ನೇರಳೆ. ಗೆರೆ ದಾಟಿ ಒಂದು ಕೂದಲೆಳೆಯಷ್ಟು ಬಣ್ಣ ಹರಿದರೂ ಹಾಳೆ ವಾಪಸ್ಸು ಬರುತ್ತಿತ್ತು. ಒಂದು ವರ್ಷ ನನ್ನ ಹಾಳೆ ಇಡೀ ಇಲಾಖೆಯಲ್ಲೇ ಅತಿ ಸ್ವಚ್ಛವಾದ ಹಾಳೆ ಎಂದು ಅಂದಿನ ದೊಡ್ಡ ಸಾಹೇಬರು ಎಲ್ಲರೆದುರು ಹೊಗಳಿ, ಹೊರದೇಶದಿಂದ ತರಿಸಿದ ಒಂದು ಬ್ರಷ್ಷನ್ನು ಬಹುಮಾನ ಕೊಟ್ಟರು. ಅದು ಈಗಲೂ ನನ್ನ ಬಳಿ ಇದೆ. ಈ ಮಾತನ್ನು ಇಲ್ಲಿ ಜಂಬಕ್ಕೆ ಹೇಳಿದೆ. ಮುಂದೆ ಅದೇ ಜಂಬ ನನ್ನ ಕುತ್ತಿಗೆಗೆ ಬರುವುದಿದೆ, ತಾವು ಸ್ವಲ್ಪ ಕಾಯಬೇಕು.

ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಅಳೆಯುವವರು ತಂದ ಹಾಳೆಯಲ್ಲಿ ಯಾವುದಾದರೂ ಜಾಗ ಏನೆಂದು ತಿಳಿಯದಿದ್ದರೆ ನಾವು ಊಹೆ ಮಾಡುವ ಹಾಗಿರಲಿಲ್ಲ. ಬಿಳಿಯಾಗಿ ಬಿಡಬೇಕು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಬೇಕು, "ಹೋಗಿ ನೋಡುವ ಪುಸ್ತಕ" ಎಂಬ ಉದ್ದನೆಯ ಪುಸ್ತಕದಲ್ಲಿ ಅದನ್ನು ಬರೆಯಬೇಕು. ವಾರಕ್ಕೊಮ್ಮೆ ಒಬ್ಬರು ಆ ಪುಸ್ತಕ ಹಿಡಿದು, ಕೊಡೆ ಹಿಡಿದು, ನಡೆದು ಹೋಗಿ ನೋಡಿ ಬರುತ್ತಿದ್ದರು. ಅವರು ಬಂದು ಹೇಳಿದ ಮೇಲೆಯೇ ಬಣ್ಣ.

ಭಾವನ ಕಾಲು ಬಿಗಿಯುತ್ತಿದೆ ಎಂದು ಅಕ್ಕ ನನ್ನ ಮುಂದೆ ಅತ್ತಾಗ ನನಗೆ ಈ ಪುಸ್ತಕ ನೆನಪಾಗಿ ಮೈಯೆಲ್ಲ ಉರಿಯಿತು. ನಿವೃತ್ತಿಯಾಗಿ ಐದು ವರ್ಷ ಕಳೆದಿದ್ದರೂ ಸೀದಾ ಕಚೇರಿಗೆ ಹೋದೆ. ನನ್ನ ಕೋಣೆಯಲ್ಲಿ ಈಗ ಮೇಜುಗಳಿಲ್ಲ, ಆರು ಪರದೆಗಳಿವೆ. ಉತ್ತರದ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದಾರೆ, ಪರದೆಯ ಮೇಲೆ ಬೆಳಕು ಬೀಳಬಾರದಂತೆ. ಅಲ್ಲಿ ಕೋಡ್ ನೋಡಿಕೊಳ್ಳುವ ಇಂಜಿನಿಯರ್ ಮಹಿಳೆಯೊಬ್ಬರು ಇದ್ದರು. ಕೂದಲಿನ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಪೆನ್ಸಿಲ್ ಕಂಡು ನನಗೆ ಸ್ವಲ್ಪ ಧೈರ್ಯ ಬಂತು.

"ನಮ್ಮ ಅಕ್ಕನ ಮನೆಗೆ ಹಸಿರು ಬಳಿದವರು ಯಾರು?" ಎಂದು ಕೇಳಿದೆ.

"ಯಾರೂ ಬಳಿಯಲ್ಲ ಮೇಡಂ" ಎಂದರು ಆಕೆ. "ಕೋಡ್ ಬಳಿಯುತ್ತೆ. ಕೂತ್ಕೊಳ್ಳಿ, ತೋರಿಸ್ತೀನಿ."

ತೋರಿಸಿದರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ, ಅರ್ಥವಾಯಿತು. ಊರಿನ ಪ್ರತಿಯೊಂದು ಜಾಗಕ್ಕೂ ಒಂದು ಪಟ್ಟಿಯಲ್ಲಿ ಒಂದು ಸಾಲು ಇದೆ. ಆ ಸಾಲಿನಲ್ಲಿ ಅಗಲ, ಉದ್ದ, ಸಂಖ್ಯೆ, ಜೊತೆಗೆ "ಬಳಕೆ" ಎಂಬ ಒಂದು ಮನೆ, ಅಂದರೆ ಬರೆಯುವ ಚೌಕ. ಕೋಡಿನಲ್ಲಿ ನಿಯಮಗಳಿವೆ. ಬಳಕೆಯ ಮನೆಯಲ್ಲಿ "ವಾಸ" ಎಂದಿದ್ದರೆ ಹಳದಿ ತುಂಬು, ಸುತ್ತ ಕಂದು ಗೆರೆ ಎಳೆ. "ಅಂಗಡಿ" ಎಂದಿದ್ದರೆ ಕೆಂಪು. "ಶಾಲೆ" ಎಂದಿದ್ದರೆ ನೀಲಿ. ಯಂತ್ರ ಪ್ರತಿ ಜಾಗವನ್ನೂ ಹಿಡಿದು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ, ಯಾವುದು ಮೊದಲು ಹೊಂದುತ್ತದೋ ಅಲ್ಲಿಗೆ ನಿಲ್ಲುತ್ತದೆ, ಬಣ್ಣ ತುಂಬುತ್ತದೆ. ಆಕೆ ಒಂದು ಗುಂಡಿ ಒತ್ತಿದರು. ನಾನು ಟೀ ಲೋಟ ತುಟಿಗೆ ತಂದು ಕೆಳಗಿಡುವುದರೊಳಗೆ ಇಡೀ ಊರಿಗೆ ಬಣ್ಣವಾಗಿತ್ತು. ಒಂದು ಕಡೆಯೂ ಗೆರೆ ದಾಟಿರಲಿಲ್ಲ. ಮಾನ್ಯರೇ, ನಾನು ಹೊಟ್ಟೆಕಿಚ್ಚಿನವಳಲ್ಲ, ಆದರೂ ಆ ಲೋಟದ ಟೀ ನನಗೆ ರುಚಿಸಲಿಲ್ಲ. ಅಂಗಡಿಯ ಕೆಂಪು ಮಾತ್ರ ಕಣ್ಣಿಗೆ ಹೊಡೆಯುವಂತಿದೆ. ಅದಕ್ಕೆ ಒಂದು ಹನಿ ಕಂದು ಬೆರೆಸಬೇಕು, ಇದನ್ನು ದೂರು ಎಂದಲ್ಲ, ಸಲಹೆ ಎಂದು ತಿಳಿಯಿರಿ.

"ಪಾರ್ಕಿನ ನಿಯಮ ಎಲ್ಲಿದೆ?" ಎಂದೆ.

ಆಕೆ ಕೆಳಗೆ, ಎಲ್ಲಕ್ಕಿಂತ ಕೊನೆಯ ಸಾಲಿಗೆ ಹೋದರು. ಅಲ್ಲಿ ಪಾರ್ಕ್ ಎಂಬ ಪದವೇ ಇರಲಿಲ್ಲ. ಇದ್ದದ್ದು ಇಷ್ಟು: ಉಳಿದದ್ದೆಲ್ಲ ಹಸಿರು, ಅಳತೆಗೆ ತಕ್ಕಷ್ಟು ಮರ.

"ಇದು ನಾನು ಬರೋಕೆ ಮುಂಚೆ ಬರೆದಿದ್ದು" ಎಂದರು ಆಕೆ, ಸ್ವಲ್ಪ ಮುಜುಗರದಿಂದ. "ಪರೀಕ್ಷೆಗೆ ಅಂತ ಯಾವುದೋ ಒಂದು ಹೊಸ ಬಡಾವಣೆ ತಗೊಂಡಿದ್ರಂತೆ. ಅಲ್ಲಿ ಮನೆ, ಅಂಗಡಿ ಎಲ್ಲ ಬಿಟ್ರೆ ಉಳಿದಿದ್ದು ಪಾರ್ಕೇ. ಸರಿಯಾಗಿ ಬಂತು. ಹಾಗೇ ಇಡೀ ಊರಿಗೆ ಓಡಿಸಿಬಿಟ್ರು."

ಮಾನ್ಯರೇ, ಆ ಕೊನೆಯ ಸಾಲನ್ನು ತಾವು ಎಂದಾದರೂ ಓದಿದ್ದೀರಾ? ಅದರ ಕೆಳಗೆ ತಮ್ಮ ಒಪ್ಪಿಗೆಯ ದಿನಾಂಕ ಇದೆ. ಓದಿಯೇ ಒಪ್ಪಿದ್ದರೆ, ತಮಗೆ ಗೊತ್ತಿಲ್ಲದ್ದನ್ನೆಲ್ಲ ಉದ್ಯಾನವೆಂದು ಭಾವಿಸುವಷ್ಟು ಸುಂದರವಾದ ಮನಸ್ಸು ತಮಗೆ ಎಲ್ಲಿಂದ ಬಂತು? ತಮ್ಮ ಮನೆಗೆ ಬಂದ ಅಪರಿಚಿತರನ್ನೆಲ್ಲ ತಾವು ಮರಗಳೆಂದು ತಿಳಿದು ನೀರು ಹಾಕುತ್ತೀರಾ? ಗೊತ್ತಿಲ್ಲ ಎಂದು ಹೇಳಲು ಒಬ್ಬ ಅಧಿಕಾರಿಗೆ ಇಷ್ಟೊಂದು ಸಂಕೋಚವೇಕೆ? ನಮ್ಮ ಕಾಲದಲ್ಲಿ ಬಿಳಿ ಎಂಬ ಒಂದು ಬಣ್ಣವಿತ್ತು, ಪ್ರಶ್ನೆ ಚಿಹ್ನೆ ಎಂಬ ಒಂದು ಮರ್ಯಾದೆ ಇತ್ತು, ಕೊಡೆ ಹಿಡಿದು ಹೋಗಿ ನೋಡುವ ಒಬ್ಬ ಮನುಷ್ಯನಿದ್ದ, ಎಂದೆಲ್ಲ ನಾನು ಆ ಪರದೆಯ ಮುಂದೆ ಕೂತು ಒಂದು ಭಾಷಣವನ್ನೇ ಬಿಗಿದೆ. ಈ ಪತ್ರದ ಮೊದಲ ಪ್ರತಿ ಅಲ್ಲಿಗೇ ಮುಗಿದಿತ್ತು. ಅದರಲ್ಲಿ ತಮ್ಮನ್ನು ಇನ್ನೂ ಎರಡು ಪುಟ ಬೈದಿದ್ದೆ. ಚೆನ್ನಾಗಿ ಬಂದಿತ್ತು, ಹರಿದು ಹಾಕಬೇಕಾಯಿತು.

ಏಕೆಂದರೆ ಆ ಇಂಜಿನಿಯರ್ ತಾಳ್ಮೆಯಿಂದ ನನ್ನ ಭಾಷಣ ಕೇಳಿ, "ಆ ಪದ್ಧತಿನೂ ಕೋಡಲ್ಲಿ ಇದೆ ಮೇಡಂ" ಎಂದರು. ಆರನೆಯ ಸಾಲು ತೋರಿಸಿದರು. ಬಳಕೆಯ ಮನೆಯಲ್ಲಿ "ಗೊತ್ತಿಲ್ಲ" ಎಂದಿದ್ದರೆ ಬಿಳಿ ತುಂಬು, ಚುಕ್ಕಿ ಗೆರೆ ಎಳೆ, ಹೋಗಿ ನೋಡುವ ಪಟ್ಟಿಗೆ ಸೇರಿಸು. "ಹಳೇ ಹಾಳೆಗಳನ್ನ ಕಂಪ್ಯೂಟರಿಗೆ ಏರಿಸುವಾಗ, ಎಲ್ಲೆಲ್ಲಿ ಪ್ರಶ್ನೆ ಚಿಹ್ನೆ ಇತ್ತೋ ಅಲ್ಲೆಲ್ಲ ‘ಗೊತ್ತಿಲ್ಲ’ ಅಂತ ಟೈಪ್ ಮಾಡಿದಾರೆ. ಅಂಥ ಜಾಗಕ್ಕೆಲ್ಲ ಜನ ಹೋಗಿ ನೋಡ್ಕೊಂಡೂ ಬಂದಿದಾರೆ. ಬಿಳಿ ಇದ್ರೆ ಗೃಹಭೇಟಿಯವರೂ ಬೇಡ ಅನ್ನಲ್ಲ, ಫೋನ್ ಮಾಡಿ ಕೇಳ್ಕೊಂಡು ಬರ್ತಾರೆ. ಆದ್ರೆ ನಿಮ್ಮ ಅಕ್ಕನ ಓಣಿದು ಹನ್ನೆರಡೂ ಸಾಲಲ್ಲಿ ಬಳಕೆ ಖಾಲಿ. ಹಾಳೆಯಲ್ಲಿ ಬಣ್ಣನೂ ಇರ್ಲಿಲ್ಲ, ಚಿಹ್ನೆನೂ ಇರ್ಲಿಲ್ಲ ಅಂತ ಕಾಣುತ್ತೆ."

"ಸಾಧ್ಯವೇ ಇಲ್ಲ" ಎಂದೆ. "ನಮ್ಮ ಕೋಣೆಯಿಂದ ಅಂಥ ಹಾಳೆ ಹೊರಗೇ ಹೋಗ್ತಿರ್ಲಿಲ್ಲ. ತೆಗೆಸಿ ನೋಡೋಣ, ಯಾರ ಕೈ ಅಂತ ನೋಡಿದ ತಕ್ಷಣ ಹೇಳ್ತೀನಿ."

ಹಾಗೆಯೇ ಆಯಿತು. ದಾಖಲೆ ಕೋಣೆಯವರು ಸೀನುತ್ತ ಸೀನುತ್ತ ಚಪ್ಪಟೆ ಡ್ರಾಯರ್ ಎಳೆದು, ಅಕ್ಕನ ಓಣಿ ಇದ್ದ ಹದಿನಾಲ್ಕನೆಯ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹಾಸಿದರು. ನೋಡಿದ ತಕ್ಷಣ ಹೇಳಬಲ್ಲವಳಾಗಿದ್ದೆ, ಹೇಳಲಿಲ್ಲ. ಹಳದಿಯ ಆ ತೆಳುವು, ಮೂಲೆಗಳಲ್ಲಿ ಬ್ರಷ್ ಎತ್ತಿದ ರೀತಿ, ಕೆಳಗೆ ಬಲಕ್ಕೆ ಇರುವೆಯಷ್ಟು ಸಣ್ಣ ಸಹಿ. ಅದು ನನ್ನ ಹಾಳೆ. ಬಹುಮಾನ ಪಡೆದ ಹಾಳೆ. ನಡುವೆ ಹನ್ನೆರಡು ಜಾಗಗಳು ಬೆಳ್ಳಗೆ, ತೊಳೆದ ತಟ್ಟೆಯಷ್ಟು ಚೊಕ್ಕವಾಗಿದ್ದವು. ನಾನು ಹಾಳೆಯನ್ನು ದಾಖಲೆ ಕೋಣೆಯ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲ್ ಅಳಿಸಿದರೂ ಕಾಗದದಲ್ಲಿ ಅದರ ತಗ್ಗು ಉಳಿಯುತ್ತದೆ. ಹನ್ನೆರಡೂ ಜಾಗಗಳನ್ನು ಸೇರಿಸಿ ಒಂದು ಕಂಸ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ, ಅದರ ಮೇಲೆ ರಬ್ಬರ್ ಉಜ್ಜಿ ಎದ್ದ ಕಾಗದದ ಜುಂಗು.

ಮೂವತ್ತೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ನೆನಪಿಗೆ ಬಂತು. ಆಗ ಆ ಓಣಿಯಲ್ಲಿ ಬರೀ ಪಾಯಗಳಿದ್ದವು. ಮನೆಯಾಗುತ್ತದೋ ಮಳಿಗೆಯಾಗುತ್ತದೋ ಅಳೆದವರಿಗೆ ಗೊತ್ತಿರಲಿಲ್ಲ. ನಾನು ಪದ್ಧತಿಯಂತೆ ಚಿಹ್ನೆ ಹಾಕಿದ್ದೆ. ಮಧ್ಯಾಹ್ನ ದೊಡ್ಡ ಸಾಹೇಬರು ಹಾಳೆ ನೋಡಲು ಬರುವರೆಂದು ಸುದ್ದಿ ಬಂತು. ಪೆನ್ಸಿಲ್ ಗುರುತು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೊದಲು ಪುಸ್ತಕದಲ್ಲಿ ಬರೆದು, ಹೋಗಿ ನೋಡಿ ಬಂದು ಬಣ್ಣ ತುಂಬಿದ ಮೇಲೆಯೇ ಚಿಹ್ನೆ ಅಳಿಸಬೇಕು ಎಂಬುದು ಕ್ರಮ. ನಾನು ಮೊದಲು ಅಳಿಸಿದೆ, ಊಟ ಮಾಡಿ ಬಂದು ಬರೆದರಾಯಿತು ಎಂದುಕೊಂಡೆ. ಊಟದ ನಂತರ ಹೊಗಳಿಕೆ ಬಂತು, ಚಪ್ಪಾಳೆ ಬಂತು, ಬ್ರಷ್ ಬಂತು. ಮರೆತುಬಿಟ್ಟೆ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು, ಅದು ಪೂರ್ತಿ ನಿಜವಲ್ಲ. ಒಂದು ವಾರದ ಮೇಲೆ ನೆನಪಾಗಿತ್ತು. ಅಷ್ಟರಲ್ಲಿ ಹಾಳೆಗೆ ಸಹಿ ಬಿದ್ದು ಒಳಗೆ ಹೋಗಿತ್ತು. ಅದನ್ನು ವಾಪಸ್ಸು ಕೇಳಬೇಕಾದರೆ ಅತಿ ಸ್ವಚ್ಛವಾದ ಹಾಳೆಯಲ್ಲಿ ಹನ್ನೆರಡು ತಪ್ಪುಗಳಿವೆ ಎಂದು ನಾನೇ ಹೋಗಿ ಹೇಳಬೇಕಿತ್ತು. ಬ್ರಷ್ ವಾಪಸ್ಸು ಕೊಡಬೇಕಾಗುತ್ತದೆ ಎಂದು ಹೆದರಿದೆ. ಬರೀ ಪಾಯ ತಾನೇ, ಯಾರು ಇರುತ್ತಾರೆ ಅಲ್ಲಿ, ಎಂದುಕೊಂಡು ಸುಮ್ಮನಾದೆ.

ಇಪ್ಪತ್ತೈದು ವರ್ಷವಾದ ಮೇಲೆ ಅಲ್ಲಿ ನನ್ನ ಅಕ್ಕ ಬಂದು ಇದ್ದಳು.

ಮಾನ್ಯರೇ, ನನಗೆ ಆ ದಿನ ಆದಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಹಾಳೆಯನ್ನು ನಾನು ಎಷ್ಟು ಹೊತ್ತು ಓರೆಯಾಗಿ ಹಿಡಿದಿದ್ದೆನೋ ಅಷ್ಟು ಹೊತ್ತೂ ಇನ್ನೊಂದು ತುದಿಯನ್ನು ಇಂಜಿನಿಯರ್ ಹಿಡಿದುಕೊಂಡಿದ್ದರು. ಆಮೇಲೆ, "ಬರೀ ನಿಮ್ಮ ಒಂದು ಹಾಳೆ ಅಲ್ಲ ಅಮ್ಮ" ಎಂದರು. ಮೇಡಂ ಹೋಗಿ ಅಮ್ಮ ಆದದ್ದು ಆಗಲೇ. ಖಾಲಿ ಇರುವ ಸಾಲುಗಳೆಷ್ಟು ಎಂದು ಯಂತ್ರವನ್ನು ಕೇಳಿದರು. ಊರಿನಲ್ಲಿ ನಾನೂರ ಹನ್ನೆರಡು ಜಾಗಗಳು ಹೀಗಿವೆ. ನಮ್ಮ ಕೋಣೆಯಲ್ಲಿ ರಬ್ಬರ್ ಹಿಡಿದವಳು ನಾನೊಬ್ಬಳೇ ಆಗಿರಲಿಲ್ಲ ಎಂಬುದು ಇದರಿಂದ ತಿಳಿಯಿತು, ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆ. ಹದಿನೇಳು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಸಲ ವಾಪಸ್ಸು ಹೋಗೋಣ ಎನಿಸಿತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಭಾವ, "ಅಂದ್ರೆ ನನ್ನ ಮಂಚದ ಮೇಲೆ ಮರ ನೆಟ್ಟವಳು ನೀನೇನಾ?" ಎಂದು ಜೋರಾಗಿ ನಕ್ಕರು. ನಗುವಾಗ ಸೊಂಟ ನೋಯಿತು, ಹಲ್ಲು ಕಚ್ಚಿದರು, ಮತ್ತೆ ನಕ್ಕರು. ಅಕ್ಕ ನಗಲಿಲ್ಲ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

"ಅಕ್ಕ, ಏನಾದ್ರೂ ಬೈಯಿ" ಎಂದೆ.

"ನೀನು ಚಿಕ್ಕವಳಿದ್ದಾಗಿಂದ್ಲೂ ಹೀಗೇ" ಎಂದಳು. "ಗುಡಿಸಿದ ಕಸ ಚಾಪೆ ಕೆಳಗೆ ತಳ್ಳೋದು. ಅಮ್ಮ ಬಂದು ಎಷ್ಟು ಚೆನ್ನಾಗಿ ಗುಡಿಸಿದಾಳೆ ಅಂತ ನಿನ್ನನ್ನೇ ಹೊಗಳೋಳು. ನಾನು ಸುಮ್ನೆ ಇರ್ತಿದ್ದೆ."

"ತಪ್ಪಾಯ್ತು ಅಕ್ಕ."

"ನಂಗೆ ಹೇಳಿ ಏನು ಬಂತು? ಅವರಿಗೆ ಕಾಗದ ಬರೀತೀನಿ ಅಂತಿದ್ದೆಯಲ್ಲ, ಅದರಲ್ಲಿ ಇದನ್ನೂ ಬರಿ. ಇದನ್ನ ಬಿಟ್ಟು ಕಳಿಸೋದಾದ್ರೆ ಕಳಿಸಲೇಬೇಡ."

ಆದ್ದರಿಂದ ಬರೆದಿದ್ದೇನೆ. ಈಗ ನನ್ನ ಬೇಡಿಕೆಗೆ ಬರುತ್ತೇನೆ. ತಮ್ಮ ಕೋಡಿನ ಕೊನೆಯ ಸಾಲನ್ನು ತೆಗೆಯಿರಿ. ಪಾರ್ಕಿಗೆ ಪಾರ್ಕ್ ಎಂದೇ ಒಂದು ಸಾಲು ಬರೆಸಿ. ಬಳಕೆಯ ಮನೆ ಖಾಲಿಯಿರುವ ಜಾಗಗಳನ್ನು "ಗೊತ್ತಿಲ್ಲ" ಎಂಬುದರ ಜೊತೆಗೆ ಆರನೆಯ ಸಾಲಿಗೆ ಸೇರಿಸಿ, ಬಿಳಿಯಾಗಲಿ, ಹೋಗಿ ನೋಡುವ ಪಟ್ಟಿಗೆ ಬರಲಿ. ಇದು ಒಂದು ನಿಮಿಷದ ಕೆಲಸವೆಂದು ತಮ್ಮ ಇಂಜಿನಿಯರ್ ಹೇಳಿದರು. ಆದರೆ ನಿಯಮ ಬದಲಿಸಲು ತಮ್ಮ ಸಹಿ ಬೇಕು, ಆಕೆ ಕಳಿಸಿದ ಕಡತ ತಮ್ಮ ಮೇಜಿಗೆ ಬಂದು ಹತ್ತು ದಿನವಾಯಿತು. ಈ ಒಂದು ಓಣಿಗೆ ಮಾತ್ರ ಪ್ರತ್ಯೇಕ ನಿಯಮ ಬರೆಯಲೂ ಬರುತ್ತದಂತೆ. ನನಗೆ ಆಸೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಉಳಿದ ನಾನೂರರಲ್ಲಿ ಯಾರ ಮಂಚದ ಮೇಲೆ ಮರ ನಿಂತಿದೆಯೋ ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಎಲ್ಲವನ್ನೂ ನೋಡಿಸಿ. ಹೋಗಿ ನೋಡಲು ಜನ ಸಾಲದಿದ್ದರೆ ನನ್ನನ್ನು ಕರೆಯಿರಿ. ಮಂಡಿ ಸ್ವಲ್ಪ ಹಿಡಿಯುತ್ತದೆ, ಆದರೆ ನನ್ನ ಬಳಿ ಕೊಡೆ ಇದೆ.

ನಾನು ಈಗಾಗಲೇ ಶುರುಮಾಡಿದ್ದೇನೆ. ಭಾನುವಾರ ಹದಿನಾಲ್ಕನೆಯ ಹಾಳೆಯ ನಕಲು ಹಿಡಿದು ಆ ಓಣಿಯನ್ನು ಈ ತುದಿಯಿಂದ ಆ ತುದಿಗೆ ನಡೆದೆ, ಪ್ರತಿ ಬಾಗಿಲು ತಟ್ಟಿದೆ. ಹನ್ನೊಂದು ಮನೆ, ಒಂದು ಇಸ್ತ್ರಿ ಅಂಗಡಿ. ಮನೆಗೆ ಬಂದು ಬಹುಮಾನದ ಬ್ರಷ್ಷನ್ನು ಪೆಟ್ಟಿಗೆಯಿಂದ ತೆಗೆದೆ. ಬರೀ ನೋಡಿಕೊಳ್ಳಲು ಇಟ್ಟುಕೊಂಡಿದ್ದ ಅದನ್ನು ಇಷ್ಟು ವರ್ಷ ಒಮ್ಮೆಯೂ ನೀರಿಗೆ ಅದ್ದಿರಲಿಲ್ಲ. ಹನ್ನೊಂದು ಹಳದಿ, ಒಂದು ಕೆಂಪು ತುಂಬಿದೆ. ಕೈ ಮೊದಲಿನಷ್ಟು ಗಟ್ಟಿಯಿಲ್ಲ, ಅಕ್ಕನ ಮನೆಯ ಹತ್ತಿರ ಬಣ್ಣ ಗೆರೆ ದಾಟಿತು. ಅಳಿಸಲು ಹೋಗಲಿಲ್ಲ. ಹಾಳೆಯನ್ನೂ ಬ್ರಷ್ಷನ್ನೂ ತಮ್ಮ ಕಚೇರಿಯ ಆ ಇಂಜಿನಿಯರ್ ಕೈಗೆ ಕೊಟ್ಟು ಬಂದಿದ್ದೇನೆ. ಹಾಳೆ ಕಡತಕ್ಕೆ, ಬ್ರಷ್ ಇಲಾಖೆಗೆ ವಾಪಸ್ಸು.

ಭಾವ ಇವತ್ತು ಬೆಳಿಗ್ಗೆ ಬೆಂಚಿನ ಹಲಗೆ ಹಿಡಿದು ನಿಂತಿದ್ದರು. ಅವರ ಎದುರಿಗೇ ಆ ಗಡಿಯಾರವನ್ನು ಅಕ್ಕ ಮತ್ತೆ ಗೋಡೆಗೆ ತೂಗುಹಾಕಿದ್ದಾಳೆ. ಡಾಕ್ಟರು ಹೇಳಿದ ಹನ್ನೆರಡು ವಾರದಲ್ಲಿ ಐದು ಉಳಿದಿವೆ. ಕಾಫಿ ಆರಿದ್ದರೆ ಕ್ಷಮಿಸಿ. ಕಡತ ತಮ್ಮ ಮೇಜಿನ ಎಡಗಡೆ, ಮೇಲಿನಿಂದ ಮೂರನೆಯದು ಎಂದು ಜವಾನರು ಹೇಳಿದ್ದಾರೆ.

ಇಂತಿ,
ಆ ವರ್ಷದ ಅತಿ ಸ್ವಚ್ಛವಾದ ಹಾಳೆಗೆ ಬಹುಮಾನ ಪಡೆದವಳು
(ಅಕ್ಕ ಓದಿ ನೋಡಿದ್ದಾಳೆ. ಕಳಿಸು ಎಂದಿದ್ದಾಳೆ.)